ಇತಿಹಾಸ ಓದುವ ಮಗುವಿಗೆ ಮೂರು ಸವಾಲು

ಹೊಸೂರು ಕಡೆಯ ಪೋಷಕರೇ, ಹತ್ತು ಮುಗಿಸಿ ಇತಿಹಾಸ, ಅರ್ಥಶಾಸ್ತ್ರದ ವಿಭಾಗ ಸೇರಿದ ಮಗುವನ್ನು ನೆಂಟರೆದುರು ‘ಮಾರ್ಕ್ಸ್ ಬರಲಿಲ್ಲ, ಅದಕ್ಕೇ ಆರ್ಟ್ಸ್’ ಎನ್ನಬೇಡಿ. ಆ ಒಂದು ಮಾತು ಮಗುವಿನ ಬಾಯಿ ಕಟ್ಟುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಮುಂದೆ ಕಾಲೇಜಿನಲ್ಲಿ ಇಂಗ್ಲಿಷ್. ಈ ಮೂರರ ನಡುವೆ ಹದಿನಾರರ ಮಗು ಮೌನಕ್ಕೆ ಜಾರುವುದು ಸುಲಭ. ಆದರೆ ಈ ವಿಷಯಗಳಿಗೆ ಬೇಕಾದದ್ದೇ ಮಾತು, ಬರಹ, ಪ್ರಶ್ನೆ.

ಈ ಅರ್ಧವರ್ಷದಲ್ಲಿ ಮಗುವಿಗೆ ಮೂರು ಸವಾಲು ಕೊಡಿ.

ಒಂದು, ಸೇಲಂ ಜಿಲ್ಲೆಯಲ್ಲಿದ್ದ ಹೊಸೂರು 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ ಸೇರಿತು. ಆಗ ಜಮೀನಿನ ಕಾಗದಕ್ಕೆ, ಕೋರ್ಟಿಗೆ ಎಲ್ಲಿಗೆ ಹೋಗುತ್ತಿದ್ದಿರಿ ಎಂದು ಅಜ್ಜ–ಅಜ್ಜಿಯನ್ನು ಕೇಳಿ, ಕನ್ನಡದಲ್ಲಿ ಎರಡು ಪುಟ ಬರೆಯಲಿ.

ಎರಡು, ನಮ್ಮ ಜಿಲ್ಲೆಯಲ್ಲಿ ವೀರಗಲ್ಲುಗಳು ಬಹಳ. ಹತ್ತಿರದ ಒಂದರ ಚಿತ್ರ ಬರೆದು, ವೀರನ ಕೈಯಲ್ಲೇನಿದೆ, ಪಕ್ಕದಲ್ಲಿ ದನಗಳಿವೆಯೇ, ಅಕ್ಷರಗಳಿವೆಯೇ ಎಂದು ಗುರುತಿಸಲಿ. ಪರೀಕ್ಷೆಯ ಉತ್ತರವನ್ನು ಬಾಯಿಪಾಠ ಮಾಡಬಹುದು. ಕಲ್ಲನ್ನು ನೋಡಿಯೇ ಓದಬೇಕು.

ಮೂರು, ಬ್ಯಾಂಕಿಗೋ ತಾಲ್ಲೂಕು ಕಚೇರಿಗೋ ಒಂದು ಕೆಲಸಕ್ಕೆ ಕರೆದೊಯ್ಯಿರಿ. ತಮಿಳಿನಲ್ಲಿ ಮಗುವೇ ಕೇಳಲಿ, ಅರ್ಜಿ ತುಂಬಲಿ. ತಡವರಿಸಿದರೂ ನೀವು ನಡುವೆ ಬಾಯಿ ಹಾಕಬೇಡಿ. ಎರಡೂ ಭಾಷೆಯಲ್ಲಿ ಓದಿದವನಾಗಿ ಹೇಳುತ್ತೇನೆ, ತಡವರಿಸದೆ ಎರಡನೆಯ ಭಾಷೆ ಯಾರಿಗೂ ಬರುವುದಿಲ್ಲ. ಇದರಿಂದ ಕನ್ನಡವೇನೂ ಸವೆಯದು.

ನಿಮಗೂ ಒಂದು ಸವಾಲಿದೆ. ರಾತ್ರಿ ಊಟದ ಹೊತ್ತಿಗೆ ಹತ್ತು ನಿಮಿಷ, ಮಾರ್ಕ್ಸಿನ ಮಾತೆತ್ತದೆ, ಮಗು ಕಂಡುಕೊಂಡದ್ದನ್ನು ಕೇಳಿ. ನಾಲ್ಕರಲ್ಲಿ ಇದೇ ಕಷ್ಟದ್ದು.