ಹಸಿ ಸಿಹಿಗುಂಬಳದ ಸಲಾಡ್ ವಿಷವೇ? ತುರಿಯುವ ಮುನ್ನ ಒಂದು ಚೂರು ರುಚಿ ನೋಡಿ

‘ಹಸಿ ಕುಂಬಳಕಾಯಿ ತಿಂದರೆ ಶುಗರ್ ಹತ್ತಿರ ಸುಳಿಯದು’ ಎಂದು ಒಂದು ಫಾರ್ವರ್ಡ್. ‘ಹಸಿ ಕುಂಬಳಕಾಯಿ ವಿಷ, ಬೇಯಿಸದೆ ತಿನ್ನಲೇಬೇಡಿ’ ಎಂದು ಇನ್ನೊಂದು. ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಎರಡೂ ಒಂದೇ ವಾರದಲ್ಲಿ ಬಂದವು. ಕಳಿಸಿದ್ದು ಒಬ್ಬರೇ, ನಮ್ಮ ಚಿಕ್ಕಮ್ಮ!

ಹಸಿ ಸಿಹಿಗುಂಬಳವನ್ನು ತುರಿದು ಒಣದ್ರಾಕ್ಷಿ, ಖರ್ಜೂರ ಬೆರೆಸುವ ಸಲಾಡ್‌ನ ವಿಡಿಯೋ ನೋಡಿ ಅವರಿಗೆ ಮಾಡಬೇಕು ಎನ್ನಿಸಿತ್ತು. ಹೆದರಿಕೆಯೂ ಇತ್ತು. ಹಾಗಾದರೆ ಯಾವುದು ನಿಜ? ಒಂದೊಂದಾಗಿ ನೋಡೋಣ.

ಹಸಿ ಸಿಹಿಗುಂಬಳ ತಿನ್ನಬಹುದೇ?

ತಿನ್ನಬಹುದು. ಮಾರುಕಟ್ಟೆಯಲ್ಲಿ ಸಿಗುವ ಸಿಹಿಗುಂಬಳ (ಮಲೆನಾಡಿನ ಕಡೆ ಚೀನಿಕಾಯಿ, ತುಳುವಿನಲ್ಲಿ ಕೆಂಬುಡೆ) ಹಸಿಯಾಗಿದೆ ಎಂಬ ಕಾರಣಕ್ಕೆ ವಿಷವಾಗುವುದಿಲ್ಲ. ಸೂಪರ್ ಮಾರ್ಕೆಟ್‌ಗಳಲ್ಲಿ ಕಾಣುವ, ಉದ್ದ ಕತ್ತಿನ ಬಟರ್‌ನಟ್ ಕೂಡ ಇದೇ ಕುಟುಂಬದ್ದು. ವಿಡಿಯೋಗಳಲ್ಲಿ ಇವನ್ನು ‘ವಿಂಟರ್ ಸ್ಕ್ವಾಶ್’ ಎನ್ನುತ್ತಾರೆ. ಚಳಿಗಾಲದಲ್ಲಿ ಬೆಳೆಯುತ್ತವೆ ಎಂದಲ್ಲ, ಚೆನ್ನಾಗಿ ಬಲಿತ ಮೇಲೆ ಕಿತ್ತರೆ ಗಟ್ಟಿ ಸಿಪ್ಪೆಯಿಂದಾಗಿ ಚಳಿಗಾಲದವರೆಗೂ ಕೆಡದೆ ಉಳಿಯುತ್ತವೆ ಎಂಬುದಕ್ಕೆ ಆ ಹೆಸರು.

ಹಸಿ ಹೋಳು ಅಗಿಯಲು ಗಟ್ಟಿ, ಕೆಲವರಿಗೆ ಹೊಟ್ಟೆ ಉಬ್ಬರಿಸಬಹುದು. ಆದ್ದರಿಂದ ಸಣ್ಣಗೆ ತುರಿದು, ಮೊದಲ ಸಲ ಸ್ವಲ್ಪವೇ ತಿಂದು ನೋಡಿ.

ಹಾಗಾದರೆ ‘ವಿಷ’ ಎಂಬ ಮಾತು ಎಲ್ಲಿಂದ ಬಂತು?

ಇದು ಪೂರ್ತಿ ಸುಳ್ಳಲ್ಲ. ಕುಂಬಳ, ಸೋರೆ, ಸೌತೆ ಜಾತಿಯ ಬಳ್ಳಿಗಳು ಪ್ರಾಣಿಗಳಿಂದ, ಕೀಟಗಳಿಂದ ತಪ್ಪಿಸಿಕೊಳ್ಳಲು ಕುಕರ್ಬಿಟಾಸಿನ್ ಎಂಬ ಅತಿ ಕಹಿ ರಾಸಾಯನಿಕವನ್ನು ತಯಾರಿಸಬಲ್ಲವು. ಕಾಡು ತಳಿಗಳಲ್ಲಿ ಇದು ಹೆಚ್ಚು. ರೈತರು ತಲೆಮಾರುಗಳಿಂದ ಕಹಿ ಇಲ್ಲದ ಕಾಯಿಗಳ ಬೀಜವನ್ನೇ ಆರಿಸಿ ಬಿತ್ತಿದ್ದರಿಂದ ನಮ್ಮ ತರಕಾರಿಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆಯಾಗಿದೆ.

ಆದರೂ ಅಪರೂಪಕ್ಕೆ ಒಂದು ಕಾಯಿ ಕಹಿಯಾಗಿ ಬರುತ್ತದೆ. ಮನೆಯಲ್ಲಿ ಎತ್ತಿಟ್ಟ ಬೀಜ ಕಹಿ ತಳಿಯ ಜೊತೆ ಮಿಶ್ರವಾಗಿರಬಹುದು, ಬಳ್ಳಿ ಬರ ಅಥವಾ ವಿಪರೀತ ಬಿಸಿಲಿಗೆ ಸಿಕ್ಕಿರಬಹುದು. ತಿಪ್ಪೆಯಲ್ಲಿ ತಾನಾಗಿ ಹುಟ್ಟಿದ ಬಳ್ಳಿಯ ಕಾಯಿಯ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಅದರ ಬೀಜ ಯಾವ ಮಿಶ್ರಣದ್ದು ಎಂದು ಹೇಳಲಾಗದು.

ಇಂಥ ಕಹಿ ಕಾಯಿ ತಿಂದರೆ ಹೊಟ್ಟೆನೋವು, ವಾಂತಿ, ಭೇದಿ ಶುರುವಾಗುತ್ತದೆ. ತೀವ್ರವಾದರೆ ರಕ್ತವಾಂತಿಯಾಗಿ ಬಿಪಿ ಕುಸಿಯಬಹುದು. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಸೋರೆಕಾಯಿ ಮತ್ತು ಹಾಗಲಕಾಯಿ ಬೆರೆಸಿದ ರಸ ಕುಡಿದು ಮೃತಪಟ್ಟರು. ಅದಾದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕಹಿ ಸೋರೆಕಾಯಿ ರಸದ ಬಗ್ಗೆ ತಜ್ಞರ ಸಮಿತಿ ರಚಿಸಿತು. ಸಮಿತಿಯ ಸಲಹೆ ಸರಳ: ರಸ ತೆಗೆಯುವ ಮುನ್ನ ಒಂದು ಸಣ್ಣ ತುಂಡನ್ನು ರುಚಿ ನೋಡಿ, ಕಹಿಯಿದ್ದರೆ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ.

ಸಿಹಿಗುಂಬಳಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

‘ಹಾಗಲಕಾಯಿ ಕಹಿ ತಿನ್ನಲ್ವಾ, ಇದೂ ಹಾಗೇ ಅಲ್ವೇನೇ?’

ಚಿಕ್ಕಮ್ಮ ಕೇಳಿದ ಈ ಪ್ರಶ್ನೆಯೇ ಅಪಾಯದ ಮೂಲ. ‘ಕಹಿಯೆಲ್ಲ ಮದ್ದು’ ಎಂದು ನಂಬಿ ಎಷ್ಟೋ ಜನ ಮೂಗು ಮುಚ್ಚಿಕೊಂಡು ಕುಡಿದುಬಿಡುತ್ತಾರೆ. ಹಾಗಲಕಾಯಿಯ ಕಹಿ ಅದರ ಸಹಜ ಗುಣ, ಅದಕ್ಕೆ ಕಾರಣವಾದ ಸಂಯುಕ್ತಗಳೂ ಬೇರೆ. ಸಿಹಿಗುಂಬಳ, ಸೋರೆ, ಸೌತೆಯಲ್ಲಿ ಕಡು ಕಹಿ ಇರಬಾರದು. ಇದ್ದರೆ ಅದು ಎಚ್ಚರಿಕೆಯ ಗಂಟೆ.

ಬೇಯಿಸಿದರೆ ಸರಿಹೋಗುತ್ತದೆಯೇ?

ಇಲ್ಲ. ಕುಕರ್ಬಿಟಾಸಿನ್ ಅಡುಗೆಯ ಬಿಸಿಗೆ ನಾಶವಾಗುವುದಿಲ್ಲ. ಫ್ರಾನ್ಸ್‌ನ ವೈದ್ಯರೊಬ್ಬರು 2018ರಲ್ಲಿ ಚರ್ಮರೋಗ ನಿಯತಕಾಲಿಕವೊಂದರಲ್ಲಿ ಇಬ್ಬರು ಮಹಿಳೆಯರ ಪ್ರಕರಣ ದಾಖಲಿಸಿದ್ದಾರೆ. ಒಬ್ಬರು ಕಹಿಯಾಗಿದ್ದ ಕುಂಬಳಕಾಯಿ ಸೂಪ್ ಕುಡಿದಿದ್ದರು. ಮೊದಲು ವಾಂತಿ, ಭೇದಿ. ಸುಮಾರು ಒಂದು ವಾರದ ನಂತರ ತಲೆಗೂದಲು ಗೊಂಚಲು ಗೊಂಚಲಾಗಿ ಉದುರಿತು. ಅದೇ ಸೂಪನ್ನು ಕಡಿಮೆ ಕುಡಿದ ಮನೆಯವರಿಗೆ ಹೊಟ್ಟೆ ಕೆಟ್ಟಿತು, ಕೂದಲು ಉದುರಲಿಲ್ಲ. ಸೂಪ್ ಎಂದರೆ ಬೇಯಿಸಿದ್ದೇ ಅಲ್ಲವೇ?

ಅಂದರೆ ನೋಡಬೇಕಾದದ್ದು ಹಸಿಯೋ ಬೆಂದದ್ದೋ ಎಂದಲ್ಲ, ಕಹಿಯೋ ಅಲ್ಲವೋ ಎಂದು. ಸಾಂಬಾರಿಗೆ ಹಾಕುವ ಹೋಳಿಗೂ ಈ ಪರೀಕ್ಷೆ ಬೇಕು. ಉಪ್ಪು, ಬೆಲ್ಲ, ನಿಂಬೆರಸ ಕಹಿಯನ್ನು ಮರೆಮಾಚುತ್ತವೆ, ತೆಗೆಯುವುದಿಲ್ಲ.

‘ಶುಗರ್ ಹತ್ತಿರ ಸುಳಿಯದು’ ನಿಜವೇ?

ಇಲ್ಲ. 100 ಗ್ರಾಂ ಹಸಿ ಸಿಹಿಗುಂಬಳದಲ್ಲಿ ಸುಮಾರು 26 ಕ್ಯಾಲೊರಿ ಮಾತ್ರ ಇದೆ, ಅದು ಒಳ್ಳೆಯ ತರಕಾರಿಯೇ. ಆದರೆ ಮಧುಮೇಹದ ಔಷಧಿಗೆ ಬದಲಿಯಲ್ಲ. ಈ ಸಲಾಡ್‌ನಲ್ಲಿ ಸಕ್ಕರೆ ಇರುವುದು ಒಣಹಣ್ಣಿನಲ್ಲಿ. ದ್ರಾಕ್ಷಿ ಒಣಗಿದಾಗ ನೀರು ಹೋಗುತ್ತದೆ, ಸಕ್ಕರೆ ಉಳಿಯುತ್ತದೆ. 100 ಗ್ರಾಂ ಒಣದ್ರಾಕ್ಷಿಯಲ್ಲಿ ಸುಮಾರು 300 ಕ್ಯಾಲೊರಿ ಇದೆ, ಅರ್ಧಕ್ಕಿಂತ ಹೆಚ್ಚು ಭಾಗ ಸಕ್ಕರೆಯೇ. ಶುಗರ್ ಇರುವವರು ‘ನ್ಯಾಚುರಲ್ ಸಿಹಿ’ ಎಂದು ಹಿಡಿಗಟ್ಟಲೆ ಹಾಕಿಕೊಳ್ಳಬೇಡಿ.

ಹೊಂಬಣ್ಣದ ಒಣದ್ರಾಕ್ಷಿಯ ಬಣ್ಣ ಉಳಿಯಲು ಹೆಚ್ಚಾಗಿ ಸಲ್ಫರ್ ಡೈಆಕ್ಸೈಡ್ ಬಳಸುತ್ತಾರೆ. ಪ್ಯಾಕೆಟ್ ಮೇಲೆ ‘220’ ಎಂಬ ಸಂಖ್ಯೆ ಇರುತ್ತದೆ. ಕೆಲವು ಆಸ್ತಮಾ ರೋಗಿಗಳಿಗೆ ಇದು ಆಗಿಬರುವುದಿಲ್ಲ. ಅಂಥವರಿಗೆ ಖರ್ಜೂರ ಅಥವಾ 220 ಹಾಕದ ಕಪ್ಪು ಒಣದ್ರಾಕ್ಷಿ ವಾಸಿ.

ಹಸಿಯಾಗಿ ತಿಂದರೆ ಪೋಷಕಾಂಶ ಜಾಸ್ತಿಯೇ?

ಅರ್ಧ ನಿಜ. ಬಿಸಿಗೆ ಕಡಿಮೆಯಾಗುವ ವಿಟಮಿನ್ ಸಿ ಹಸಿಯಲ್ಲಿ ಉಳಿಯುತ್ತದೆ. ಆದರೆ ಕುಂಬಳಕ್ಕೆ ಕಿತ್ತಳೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಬೇಯಿಸಿದಾಗ ಸುಲಭವಾಗಿ ಬಿಡುಗಡೆಯಾಗುತ್ತದೆ. ಅದು ದೇಹಕ್ಕೆ ಸೇರಲು ಕೊಬ್ಬೂ ಬೇಕು. ಆದ್ದರಿಂದ ಹಸಿ ಸಲಾಡ್‌ಗೆ ನಮ್ಮ ಕೋಸಂಬರಿಯ ದಾರಿಯೇ ಸರಿ: ಎಣ್ಣೆಯ ಒಗ್ಗರಣೆ, ತೆಂಗಿನತುರಿ, ಕಡಲೆಬೀಜ.

ಮಾಡುವುದು ಹೇಗೆ?

- ಕುಂಬಳವನ್ನು ಕತ್ತರಿಸುವ ಮೊದಲೇ ಸಿಪ್ಪೆಯನ್ನು ಉಜ್ಜಿ ತೊಳೆಯಿರಿ. ಇಲ್ಲವಾದರೆ ಮೇಲಿನ ಮಣ್ಣು ಚಾಕುವಿನ ಜೊತೆ ಒಳಗೆ ಹೋಗುತ್ತದೆ. ಗಾಡಿಯ ಮೇಲೆ ಕತ್ತರಿಸಿಟ್ಟ ಹೋಳು ಸಾಂಬಾರಿಗಿರಲಿ, ಹಸಿ ತಿನ್ನಲು ಇಡೀ ಕಾಯಿ ತನ್ನಿ.
- ಒಂದು ಚೂರನ್ನು ನಾಲಿಗೆಯ ಮೇಲಿಟ್ಟು ನೋಡಿ. ಕಹಿಯಿದ್ದರೆ ಉಗುಳಿ, ಬಾಯಿ ತೊಳೆದುಕೊಂಡು, ಇಡೀ ಕಾಯಿ ಎಸೆಯಿರಿ. ಅದರ ಬೀಜ ಎತ್ತಿಡಬೇಡಿ. ನೆಗಡಿಯಿಂದ ರುಚಿ ತಿಳಿಯದಿದ್ದರೆ ಮನೆಯ ಬೇರೆಯವರು ನೋಡಲಿ.
- ಸಿಪ್ಪೆ, ತಿರುಳು ತೆಗೆದು ಒಂದು ಕಪ್ ತುರಿ ಮಾಡಿ. ಉಪ್ಪು, ಅರ್ಧ ನಿಂಬೆಯ ರಸ ಬೆರೆಸಿ 15 ನಿಮಿಷ ಬಿಡಿ. ಉಪ್ಪು ನೀರನ್ನು ಹೊರಗೆಳೆಯುವುದರಿಂದ ತುರಿ ಮೆತ್ತಗಾಗುತ್ತದೆ.
- ತೊಳೆದ ಒಣದ್ರಾಕ್ಷಿ ಒಂದು ಚಮಚ ಅಥವಾ ಹೆಚ್ಚಿದ ಖರ್ಜೂರ ಎರಡು, ಹುರಿದ ಕಡಲೆಬೀಜ, ತೆಂಗಿನತುರಿ, ಕೊತ್ತಂಬರಿ ಸೊಪ್ಪು ಸೇರಿಸಿ.
- ಸಾಸಿವೆ, ಕರಿಬೇವು, ಇಂಗು, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಆಗಲೇ ತಿನ್ನಿ. ಪುಟ್ಟ ಮಕ್ಕಳಿಗೆ ಇಡೀ ಕಡಲೆಬೀಜ, ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಅವರಿಗೆ ಹಾಕಬೇಡಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

ಹಸಿ ಸಿಹಿಗುಂಬಳ ವಿಷವಲ್ಲ, ಶುಗರ್‌ಗೆ ಔಷಧಿಯೂ ಅಲ್ಲ. ಸಿಹಿಗುಂಬಳ, ಸೋರೆ, ಸೌತೆ ಯಾವುದೇ ಇರಲಿ, ಮೊದಲು ಒಂದು ಚೂರು ರುಚಿ ನೋಡಿ. ಕಹಿಯಿದ್ದರೆ ಹಸಿಯೂ ಬೇಡ, ಬೇಯಿಸಿದ್ದೂ ಬೇಡ. ತಿಂದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು ಶುರುವಾದರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ, ಏನು ತಿಂದಿರಿ ಎಂದು ವೈದ್ಯರಿಗೆ ಹೇಳಿ. ಇದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ, ಆದರೆ ಬೇಗ ಸಿಗುವ ಚಿಕಿತ್ಸೆ ಜೀವ ಉಳಿಸುತ್ತದೆ.

ಅಂದಹಾಗೆ, ಚಿಕ್ಕಮ್ಮ ಸಲಾಡ್ ಮಾಡಿದರು. ಫೋಟೋ ಗ್ರೂಪಿಗೆ ಬಂತು. ಕೆಳಗೆ ಒಂದೇ ಸಾಲು: ‘ರುಚಿ ನೋಡಿಯೇ ತುರಿದೆ.’