ಸೈಡ್-ಬೈ-ಸೈಡ್ ವಾಹನಗಳ ಬೆಲೆ ಮತ್ತು ವಿಶ್ವಾಸಾರ್ಹತೆ

ಸೈಡ್-ಬೈ-ಸೈಡ್ ಎಂಬುದು ಡಾಂಬರು ರಸ್ತೆಯಿಂದಾಚೆ, ಅಂದರೆ ಹೊಲ, ಹುಲ್ಲುಗಾವಲು, ಕಾಡುದಾರಿ, ಮರಳುದಿಬ್ಬ ಮತ್ತು ಹಿಮದ ಮೇಲೆ ಓಡಾಡಲು ರೂಪಿಸಲಾದ ಹಗುರ ಮೋಟಾರು ವಾಹನ. ಚಾಲಕನೂ ಜೊತೆಯವರೂ ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುವುದರಿಂದ ಈ ಹೆಸರು ಬಂದಿದೆ. ಯುಟಿವಿ ಎಂಬ ಹ್ರಸ್ವನಾಮವೂ ಬಳಕೆಯಲ್ಲಿದೆ. ಎಟಿವಿ ಎಂದು ಕರೆಯಲಾಗುವ ವಾಹನದಲ್ಲಿ ಸವಾರನು ಕುದುರೆಯ ಮೇಲೆ ಕುಳಿತಂತೆ ಕಾಲು ಇಳಿಬಿಟ್ಟು ಕುಳಿತು ಹ್ಯಾಂಡಲ್ ಹಿಡಿಯುತ್ತಾನೆ. ಸೈಡ್-ಬೈ-ಸೈಡ್‌ನಲ್ಲಿ ಕಾರಿನಂತೆಯೇ ಸ್ಟೀರಿಂಗ್ ಚಕ್ರ, ಕಾಲಿನ ಪೆಡಲುಗಳು, ಸೀಟು ಪಟ್ಟಿ ಹಾಗೂ ವಾಹನ ಮಗುಚಿದಾಗ ತಲೆ ಕಾಯುವ ಉಕ್ಕಿನ ಪಂಜರ ಇರುತ್ತವೆ. ಹಿಂಭಾಗದಲ್ಲಿ ಸಾಮಾನು ತುಂಬುವ ತೊಟ್ಟಿಯಿದ್ದು, ಅನೇಕ ಮಾದರಿಗಳಲ್ಲಿ ಅದನ್ನು ಎತ್ತಿ ಸುರಿಯಬಹುದು.

ಈ ವಾಹನಗಳ ಅತಿದೊಡ್ಡ ಮಾರುಕಟ್ಟೆ ಅಮೆರಿಕ ಸಂಯುಕ್ತ ಸಂಸ್ಥಾನ. ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ಪಶುಪಾಲಕರೂ ಇವನ್ನು ಬಳಸುತ್ತಾರೆ. ಒಂದು ಕಾಲಕ್ಕೆ ರೈತನ ಅಗ್ಗದ ಸಹಾಯಕನಾಗಿದ್ದ ಈ ವಾಹನದ ಬೆಲೆ ಇಂದು ಸಣ್ಣ ಕಾರಿನ ಬೆಲೆಯನ್ನು ಮುಟ್ಟಿದೆ, ಕೆಲವೊಮ್ಮೆ ದಾಟಿದೆ. ಆದ್ದರಿಂದ ಕೊಳ್ಳುವ ಮುನ್ನ ಬೆಲೆಯನ್ನೂ ಬಾಳಿಕೆಯನ್ನೂ ಒಟ್ಟಿಗೆ ತೂಗಿನೋಡುವುದು ಅನಿವಾರ್ಯವಾಗಿದೆ.

ಹಿನ್ನೆಲೆ

ಜಪಾನಿನ ಕವಾಸಾಕಿ ಸಂಸ್ಥೆಯು 1988ರಲ್ಲಿ ಮ್ಯೂಲ್ ಎಂಬ ವಾಹನವನ್ನು ಮಾರುಕಟ್ಟೆಗೆ ತಂದಿತು. ಮ್ಯೂಲ್ ಎಂದರೆ ಹೇಸರಗತ್ತೆ. ಹೊರೆ ಹೊರುವ ಪ್ರಾಣಿಯ ಹೆಸರು ಹೊರೆ ಹೊರುವ ಯಂತ್ರಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. 1990ರ ದಶಕದ ಆರಂಭದಲ್ಲಿ ಜಾನ್ ಡಿಯರ್ ಸಂಸ್ಥೆಯ ಗೇಟರ್, ಆ ದಶಕದ ಕೊನೆಗೆ ಮಿನ್ನೆಸೋಟ ರಾಜ್ಯದ ಪೊಲಾರಿಸ್ ಸಂಸ್ಥೆಯ ರೇಂಜರ್ ಬಂದವು. ಇವೆಲ್ಲವೂ ನಿಧಾನವಾಗಿ ಸಾಗುವ ದುಡಿಮೆಯ ವಾಹನಗಳು. 2003ರ ಹೊತ್ತಿಗೆ ಬಂದ ಯಮಾಹಾ ರೈನೋ ದುಡಿಮೆಯ ಜೊತೆಗೆ ಮೋಜನ್ನೂ ಸೇರಿಸಿತು. 2007ರಲ್ಲಿ ಪೊಲಾರಿಸ್ ಹೊರತಂದ ಆರ್‌ಝಡ್‌ಆರ್ ಮಾದರಿಯು ಸಂಪೂರ್ಣವಾಗಿ ಕ್ರೀಡೆಗೇ ಮೀಸಲಾಯಿತು. ಮುಂದೆ ಕೆನಡಾ ಮೂಲದ ಬಿಆರ್‌ಪಿ ಸಂಸ್ಥೆಯ ಕ್ಯಾನ್-ಆಮ್, ಹೋಂಡಾ, ಕುಬೋಟಾ, ಚೀನಾದ ಸಿಎಫ್‌ಮೋಟೊ ಮೊದಲಾದವು ಸ್ಪರ್ಧೆಯಲ್ಲಿ ನಿಂತವು.

ಈ ಎರಡು ಕವಲುಗಳ ಅಂತರವನ್ನು ಅರಿಯದೆ ಬೆಲೆಪಟ್ಟಿಯನ್ನು ಓದಿದರೆ ಗೊಂದಲವಾಗುತ್ತದೆ. ಕುಬೋಟಾದ ಡೀಸೆಲ್ ಮಾದರಿಯೊಂದು ಸುಮಾರು 25 ಅಶ್ವಶಕ್ತಿಯ ಎಂಜಿನ್ನಿನಿಂದ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ತೃಪ್ತಿಯಿಂದಿರುತ್ತದೆ. 2023ರಲ್ಲಿ ಪ್ರಕಟವಾದ ಕ್ಯಾನ್-ಆಮ್ ಮ್ಯಾವೆರಿಕ್ ಆರ್ ಎಂಬ ಕ್ರೀಡಾ ಮಾದರಿಗೆ 240 ಅಶ್ವಶಕ್ತಿ. ಮಾರಾಟಗಾರನ ಅಂಗಳದಲ್ಲಿ ಇವೆರಡೂ ಒಂದೇ ಹೆಸರಿನಡಿ ನಿಂತಿರುತ್ತವೆ.

ಬೆಲೆ

2020ರ ದಶಕದ ಮಧ್ಯಭಾಗದ ಅಮೆರಿಕದ ಮಾರುಕಟ್ಟೆಯನ್ನು ಗಮನಿಸಿದರೆ, ಎರಡು ಸೀಟಿನ ಸರಳ ದುಡಿಮೆಯ ಮಾದರಿಗಳು ಸುಮಾರು 10,000 ಡಾಲರುಗಳಿಂದ ಆರಂಭವಾಗುತ್ತವೆ. ಸಾವಿರ ಸಿ.ಸಿ. ಎಂಜಿನ್, ನಾಲ್ಕು ಚಕ್ರ ಚಾಲನೆ, ವಿದ್ಯುತ್ ನೆರವಿನ ಸ್ಟೀರಿಂಗ್ ಇರುವ ಮಧ್ಯಮ ವರ್ಗದ ಮಾದರಿಗಳಿಗೆ 15,000ದಿಂದ 20,000 ಡಾಲರ್ ತೆರಬೇಕು. ಬಾಗಿಲು, ಗಾಜು, ಹವಾನಿಯಂತ್ರಣಗಳುಳ್ಳ ಮುಚ್ಚಿದ ಕ್ಯಾಬಿನ್ ಬೇಕೆಂದರೆ ಬೆಲೆ 25,000 ಡಾಲರುಗಳನ್ನು ಮೀರುತ್ತದೆ. ಕ್ರೀಡಾ ವರ್ಗದ ಮೇಲ್ತುದಿಯಲ್ಲಿ 30,000 ಎಂಬುದು ಕೇವಲ ಆರಂಭ. ಹೋಲಿಕೆಗಾಗಿ ಹೇಳುವುದಾದರೆ, 2021ರಲ್ಲಿ ಫೋರ್ಡ್ ಸಂಸ್ಥೆಯು ಮ್ಯಾವೆರಿಕ್ ಎಂಬ ಪಿಕಪ್ ಟ್ರಕ್ಕನ್ನು ಪ್ರಕಟಿಸಿದಾಗ ಅದರ ಆರಂಭಿಕ ಬೆಲೆ 19,995 ಡಾಲರ್ ಆಗಿತ್ತು. ಗಾಳಿಚೀಲ, ಗಾಜು, ಹೀಟರ್, ರಸ್ತೆಯ ಪರವಾನಗಿ ಎಲ್ಲವೂ ಇದ್ದ ಟ್ರಕ್ಕಿಗಿಂತ, ಬಾಗಿಲೂ ಇಲ್ಲದ ಹೊಲದ ಗಾಡಿ ಏಕೆ ದುಬಾರಿ ಎಂಬ ಪ್ರಶ್ನೆ ಸಹಜವಾದುದು.

ಉತ್ತರದ ಒಂದು ಭಾಗ ತಯಾರಿಕೆಯ ಪ್ರಮಾಣದಲ್ಲಿದೆ. ಲಕ್ಷಗಟ್ಟಲೆ ತಯಾರಾಗುವ ಕಾರಿನ ಬಿಡಿಭಾಗಗಳ ವೆಚ್ಚ ಅಷ್ಟೂ ಕಾರುಗಳ ಮೇಲೆ ಹಂಚಿಹೋಗುತ್ತದೆ. ಈ ವಾಹನಗಳಿಗೆ ಆ ಅನುಕೂಲವಿಲ್ಲ. ಉದ್ದ ಚಲನೆಯ ಸಸ್ಪೆನ್ಷನ್, ನಾಲ್ಕೂ ಚಕ್ರಗಳಿಗೆ ಪ್ರತ್ಯೇಕ ಅಚ್ಚು, ದಪ್ಪ ಟೈರುಗಳು ಅಗ್ಗದ ವಸ್ತುಗಳಲ್ಲ. 2018ರಲ್ಲಿ ಅಮೆರಿಕವು ಆಮದು ಉಕ್ಕಿನ ಮೇಲೆ ಶೇಕಡಾ 25 ಮತ್ತು ಅಲ್ಯೂಮಿನಿಯಂ ಮೇಲೆ ಶೇಕಡಾ 10 ಸುಂಕ ವಿಧಿಸಿದ್ದೂ ತಯಾರಕರ ವೆಚ್ಚವನ್ನು ಏರಿಸಿತು. ಉತ್ತರದ ಇನ್ನೊಂದು ಭಾಗ ಕೊಳ್ಳುವವರಲ್ಲಿಯೇ ಇದೆ. ಮೋಜಿನ ವಸ್ತುವಿಗೆ ಜನ ಹೆಚ್ಚು ಬೆಲೆ ತೆರಲು ಒಪ್ಪಿದಾಗ, ದುಡಿಮೆಯ ಮಾದರಿಗಳ ಬೆಲೆಯೂ ಅದರ ಬೆನ್ನಿಗೇ ಏರಿತು ಎಂದು ಹೇಳಬೇಕಾಗುತ್ತದೆ.

ಪಟ್ಟಿಯಲ್ಲಿ ಅಚ್ಚಾದ ಬೆಲೆ ಕೈಯಿಂದ ಬಿಡುವ ಹಣವಲ್ಲ. ಸಾಗಣೆ ವೆಚ್ಚ, ಜೋಡಿಸಿ ಸಿದ್ಧಗೊಳಿಸುವ ಶುಲ್ಕ, ಕಾಗದಪತ್ರದ ಶುಲ್ಕ, ರಾಜ್ಯದ ಮಾರಾಟ ತೆರಿಗೆ ಇವೆಲ್ಲ ಅದರ ಮೇಲೆ ಕೂಡುತ್ತವೆ. ಒಂದೇ ಮಾದರಿಗೆ ಎರಡು ಊರಿನ ಮಾರಾಟಗಾರರು ಬೇರೆಬೇರೆ ಮೊತ್ತ ಹೇಳುವುದಕ್ಕೆ ಬಹುಪಾಲು ಈ ಶುಲ್ಕಗಳೇ ಕಾರಣ. ಆದಕಾರಣ ಎಲ್ಲವನ್ನೂ ಸೇರಿಸಿದ ಅಂತಿಮ ಮೊತ್ತವನ್ನು ಬರಹದಲ್ಲಿ ಕೇಳಿ ಪಡೆಯುವುದೊಂದೇ ಸರಿಯಾದ ಹೋಲಿಕೆಗೆ ದಾರಿ. ಮುಂಗಾಳಿಗಾಜು, ಮೇಲ್ಛಾವಣಿ, ಎಳೆಯುವ ವಿಂಚ್ ಮುಂತಾದವನ್ನು ಅನೇಕ ತಯಾರಕರು ಪ್ರತ್ಯೇಕವಾಗಿ ಮಾರುತ್ತಾರೆ. ಅಗ್ಗದ ಮಾದರಿಗೆ ಇವನ್ನೆಲ್ಲ ಒಂದೊಂದಾಗಿ ಸೇರಿಸುತ್ತ ಹೋದರೆ, ಅವೆಲ್ಲ ಮೊದಲೇ ಇದ್ದ ಮೇಲಿನ ಮಾದರಿಯ ಬೆಲೆಯನ್ನು ದಾಟುವುದುಂಟು.

ಸಾಲದ ಲೆಕ್ಕವನ್ನೂ ಮಾಡಿ ನೋಡಬೇಕು. 20,000 ಡಾಲರನ್ನು ಶೇಕಡಾ 9ರ ವಾರ್ಷಿಕ ಬಡ್ಡಿಯಲ್ಲಿ ಐದು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 415 ಡಾಲರ್. ಒಟ್ಟು ಬಡ್ಡಿ ಸುಮಾರು 4,900. ಮಾರಾಟಗಾರನು ಕಂತನ್ನು ಮಾತ್ರ ದೊಡ್ಡದಾಗಿ ಹೇಳುತ್ತಾನೆ.

ಬೆಲೆಯನ್ನು ಬಳಕೆಯ ಗಂಟೆಗಳಿಂದ ಭಾಗಿಸಿ ನೋಡುವುದು ಇನ್ನೂ ಉಪಯುಕ್ತ. 16,000 ಡಾಲರಿನ ವಾಹನವನ್ನು ದನಗಾಹಿಯೊಬ್ಬ ವರ್ಷಕ್ಕೆ 200 ಗಂಟೆಯಂತೆ ಎಂಟು ವರ್ಷ ಬಳಸಿ 5,000ಕ್ಕೆ ಮಾರಿದನೆಂದು ಇಟ್ಟುಕೊಳ್ಳೋಣ. ಇಂಧನ ಮತ್ತು ದುರಸ್ತಿ ಬಿಟ್ಟರೆ ಗಂಟೆಗೆ ಸುಮಾರು 7 ಡಾಲರ್ ಬಿದ್ದಂತಾಯಿತು. ಅದೇ ವಾಹನವನ್ನು ವಾರಾಂತ್ಯದ ವಿಹಾರಕ್ಕೆಂದು ವರ್ಷಕ್ಕೆ 40 ಗಂಟೆ ಬಳಸಿ, ಅಷ್ಟೇ ವರ್ಷಗಳ ನಂತರ 6,000ಕ್ಕೆ ಮಾರಿದವನಿಗೆ ಗಂಟೆಗೆ 31 ಡಾಲರ್ ಬೀಳುತ್ತದೆ. ಎರಡನೆಯವನಿಗೆ ಬಾಡಿಗೆಯೇ ಲೇಸು.

ವಿಶ್ವಾಸಾರ್ಹತೆ

ಈ ವಾಹನಗಳಲ್ಲಿ ಹೆಚ್ಚು ತೊಂದರೆ ಕೊಡುವ ಭಾಗ ಎಂಜಿನ್ ಅಲ್ಲ, ಅದರ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ವ್ಯವಸ್ಥೆ. ಬಹುತೇಕ ಮಾದರಿಗಳಲ್ಲಿ ಸಿವಿಟಿ ಎಂಬ ವ್ಯವಸ್ಥೆಯಿದೆ. ನಮ್ಮ ಊರಿನ ಗೇರಿಲ್ಲದ ಸ್ಕೂಟರುಗಳಲ್ಲಿರುವುದೂ ತತ್ತ್ವದಲ್ಲಿ ಅದೇ. ಎರಡು ಶಂಕುವಿನಾಕಾರದ ರಾಟೆಗಳ ನಡುವೆ ರಬ್ಬರಿನ ಪಟ್ಟಿ ಓಡುತ್ತದೆ. ವೇಗಕ್ಕೆ ತಕ್ಕಂತೆ ಪ್ರತಿ ರಾಟೆಯ ಎರಡು ಹೋಳುಗಳು ಹತ್ತಿರ-ದೂರ ಸರಿದು ಗೇರಿನ ಪ್ರಮಾಣವನ್ನು ಬದಲಿಸುತ್ತವೆ. ಗೇರು ಹಾಕುವ ಗೋಜಿಲ್ಲ, ರಚನೆ ಸರಳ. ಆದರೆ ಭಾರ ಹೊತ್ತು ಏರು ಹತ್ತುವಾಗ ಪಟ್ಟಿ ಜಾರಿ ಬಿಸಿಯೇರುತ್ತದೆ, ಬಿಸಿಯಿಂದ ಸವೆಯುತ್ತದೆ, ಕೊನೆಗೆ ಹರಿಯುತ್ತದೆ. ನೀರು ಹೊಕ್ಕರೆ ಹಿಡಿತ ತಪ್ಪುತ್ತದೆ. ಹರಿದ ಪಟ್ಟಿಗಳಲ್ಲಿ ಅನೇಕವು ತಯಾರಕನ ದೋಷದಿಂದಲ್ಲ, ಕೆಳಗಿನ ಗೇರು ಬಳಸಬೇಕಾದಲ್ಲಿ ಚಾಲಕ ಮೇಲಿನ ಗೇರಿನಲ್ಲಿ ಎಳೆದುದರಿಂದ ಹರಿದವು. ಬಳಕೆದಾರರ ಕೈಪಿಡಿಯಲ್ಲಿ ಈ ಸೂಚನೆ ಸ್ಪಷ್ಟವಾಗಿಯೇ ಇರುತ್ತದೆ, ಓದುವವರು ಮಾತ್ರ ಕಡಿಮೆ.

ಪಟ್ಟಿಯೇ ಇಲ್ಲದ ವಾಹನಗಳೂ ಇವೆ. ಹೋಂಡಾದ ಪಯನಿಯರ್ 1000 ಮಾದರಿಯಲ್ಲಿ ಎರಡು ಕ್ಲಚ್‌ಗಳ, ಹಲ್ಲುಚಕ್ರಗಳ ಸ್ವಯಂಚಾಲಿತ ಗೇರುಪೆಟ್ಟಿಗೆಯಿದೆ. ಕುಬೋಟಾದ ಡೀಸೆಲ್ ಮಾದರಿಗಳು ತೈಲದ ಒತ್ತಡದಿಂದ ಶಕ್ತಿ ಸಾಗಿಸುವ ಹೈಡ್ರೋಸ್ಟ್ಯಾಟಿಕ್ ವಿಧಾನವನ್ನು ಅನುಸರಿಸುತ್ತವೆ. ಇವುಗಳ ಬೆಲೆ ತುಸು ಹೆಚ್ಚು. ಕೆಟ್ಟರೆ ದುರಸ್ತಿಯೂ ಹಗುರವಲ್ಲ. ಆದರೂ ಇಳಿಜಾರು ನೆಲದಲ್ಲಿ ದಿನವೂ ಹೊರೆ ಎಳೆಯುವವರಿಗೆ ಈ ಹೆಚ್ಚಿನ ಬೆಲೆ ಸಮರ್ಥನೀಯ.

ಎಂಜಿನ್ನಿನ ನಿಜವಾದ ಶತ್ರು ಧೂಳು. ಗಾಳಿಶೋಧಕದ ಅಂಚಿನಲ್ಲಿ ಸಣ್ಣ ಸಂದಿದ್ದರೂ ನುಣ್ಣನೆಯ ಮಣ್ಣು ಸಿಲಿಂಡರಿಗೆ ಇಳಿದು ಮರಳುಕಾಗದದಂತೆ ಒಳಗೋಡೆಯನ್ನು ತೇಯುತ್ತದೆ. ನಂತರ ಎಂಜಿನ್ ಎಣ್ಣೆ ಕುಡಿಯತೊಡಗುತ್ತದೆ. ಇಂಥ ಹಾನಿಯನ್ನು ನಿರ್ವಹಣೆಯ ಕೊರತೆ ಎಂದು ಪರಿಗಣಿಸಿ ಖಾತರಿಯಡಿ ದುರಸ್ತಿಗೆ ನಿರಾಕರಿಸುವ ಸಂಭವ ಹೆಚ್ಚು. ಕೆಸರು ಮೆತ್ತಿದ ರೇಡಿಯೇಟರ್, ಹರಿದ ಅಚ್ಚಿನ ರಬ್ಬರ್ ಹೊದಿಕೆ, ಸಡಿಲಗೊಂಡ ಚಕ್ರದ ಬೇರಿಂಗ್ ಇವು ನಂತರದ ಸಾಲಿನಲ್ಲಿ ಬರುತ್ತವೆ. ಚಳಿಗಾಲದಲ್ಲಿ ಕೊಟ್ಟಿಗೆಯಲ್ಲಿ ನಿಂತ ವಾಹನದ ತಂತಿಗಳನ್ನು ಇಲಿಗಳು ಕಡಿದುಹಾಕುವುದೂ ಸಾಮಾನ್ಯ ದೂರು. ಇದಕ್ಕೆ ಯಾವ ಬ್ರಾಂಡೂ ಹೊರತಲ್ಲ.

ಕಿಲೋಮೀಟರಿಗಿಂತ ಎಂಜಿನ್ ಓಡಿದ ಗಂಟೆಗಳೇ ಈ ವಾಹನಗಳ ವಯಸ್ಸನ್ನು ಸರಿಯಾಗಿ ಹೇಳುತ್ತವೆ. ಹೊಸ ವಾಹನದ ಮೊದಲ ಎಣ್ಣೆ ಬದಲಾವಣೆಯನ್ನು ಮಾದರಿಗನುಸಾರ ಸುಮಾರು 10ರಿಂದ 25 ಗಂಟೆಯೊಳಗೆ ಮಾಡಿಸುವಂತೆ ಹೇಳಲಾಗಿರುತ್ತದೆ. ಖಾತರಿಯ ಅವಧಿ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಬದಲಾಗುತ್ತದೆ. ಕವಾಸಾಕಿ ಸಂಸ್ಥೆ ಮೂರು ವರ್ಷಗಳ ಖಾತರಿಯನ್ನೇ ತನ್ನ ಪ್ರಚಾರದ ಮುಖ್ಯ ಅಂಶವಾಗಿಸಿಕೊಂಡಿದೆ. ಆದರೆ ಖಾತರಿ ಎಷ್ಟೇ ಉದ್ದವಿದ್ದರೂ ದುರಸ್ತಿ ಮಾಡುವವನು ಇನ್ನೂರು ಕಿಲೋಮೀಟರ್ ದೂರದಲ್ಲಿದ್ದರೆ ಅದರ ಬೆಲೆ ಅರ್ಧಕ್ಕಿಳಿಯುತ್ತದೆ. ಇಂದಿನ ವಾಹನಗಳ ದೋಷವನ್ನು ಗುರುತಿಸಲು ಗಣಕಯಂತ್ರದ ನೆರವು ಬೇಕಾಗಿರುವುದರಿಂದ ಹಳ್ಳಿಯ ಮೆಕ್ಯಾನಿಕ್ ಎಲ್ಲವನ್ನೂ ಸರಿಪಡಿಸಲಾರ. ಹತ್ತಿರದಲ್ಲಿ ನುರಿತ ಮಾರಾಟಗಾರನಿರುವ ಎರಡನೆಯ ದರ್ಜೆಯ ಬ್ರಾಂಡು, ದೂರದ ಮೊದಲ ದರ್ಜೆಯ ಬ್ರಾಂಡಿಗಿಂತ ಮೇಲು ಎಂಬ ಅನುಭವಿಗಳ ಮಾತಿನಲ್ಲಿ ಹುರುಳಿದೆ.

ಸಾಮಾನ್ಯವಾಗಿ ಕಡಿಮೆ ಶಕ್ತಿಯ, ಟರ್ಬೊ ಇಲ್ಲದ, ಹಲವು ವರ್ಷಗಳಿಂದ ಬದಲಾಗದೆ ತಯಾರಾಗುತ್ತಿರುವ ಮಾದರಿ ಹೆಚ್ಚು ಬಾಳುತ್ತದೆ. ಹೊಚ್ಚಹೊಸ ವಿನ್ಯಾಸದ ಮೊದಲ ವರ್ಷದ ವಾಹನದಲ್ಲಿ ಸಣ್ಣಪುಟ್ಟ ದೋಷಗಳು ಬೆಳಕಿಗೆ ಬರುವ ಸಾಧ್ಯತೆ ಹೆಚ್ಚು. ಕಾಯಬಲ್ಲವರು ಒಂದು ವರ್ಷ ಕಾಯುವುದು ಒಳಿತು.

ವಿದ್ಯುತ್ ಚಾಲಿತ ಮಾದರಿಗಳಲ್ಲಿ ಪಟ್ಟಿ, ಎಣ್ಣೆ, ಗಾಳಿಶೋಧಕಗಳ ರಗಳೆಯಿಲ್ಲ. 2021ರ ಡಿಸೆಂಬರಿನಲ್ಲಿ ಪ್ರಕಟವಾದ ಪೊಲಾರಿಸ್ ರೇಂಜರ್ ಎಕ್ಸ್‌ಪಿ ಕೈನೆಟಿಕ್ ಮಾದರಿಯ ಆರಂಭಿಕ ಬೆಲೆ 24,999 ಡಾಲರ್. ಚಿಕ್ಕ ಬ್ಯಾಟರಿಯಲ್ಲಿ ಸುಮಾರು 72, ದೊಡ್ಡದರಲ್ಲಿ ಸುಮಾರು 128 ಕಿಲೋಮೀಟರ್ ಓಡುತ್ತದೆಂದು ಸಂಸ್ಥೆ ಹೇಳಿತ್ತು. ಹೊರೆ ಮತ್ತು ಚಳಿ ಎರಡೂ ಈ ದೂರವನ್ನು ಕುಗ್ಗಿಸುತ್ತವೆ.

ಹಿಂದಕ್ಕೆ ಕರೆದ ವಾಹನಗಳು

ಅಮೆರಿಕದಲ್ಲಿ ಈ ವಾಹನಗಳ ಸುರಕ್ಷತೆ ರಸ್ತೆ ಸುರಕ್ಷತಾ ಇಲಾಖೆಯ ಬದಲು ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ವ್ಯಾಪ್ತಿಗೆ ಬರುತ್ತದೆ. ರೈನೋ ವಾಹನಗಳ 50ಕ್ಕೂ ಹೆಚ್ಚು ಅವಘಡಗಳನ್ನು, ಅವುಗಳಲ್ಲಿ ಸಂಭವಿಸಿದ 46 ಸಾವುಗಳನ್ನು ಆಯೋಗ ಪರಿಶೀಲಿಸಿತು. ಅನೇಕವು ವಾಹನ ಮಗುಚಿದ ಪ್ರಕರಣಗಳು. 2009ರ ಮಾರ್ಚಿನಲ್ಲಿ ಯಮಾಹಾ ಉಚಿತ ದುರಸ್ತಿಯನ್ನು ಘೋಷಿಸಿ, ಹಿಂಚಕ್ರಗಳ ನಡುವಿನ ಅಗಲವನ್ನು ಹೆಚ್ಚಿಸುವ ಬಿಲ್ಲೆಗಳನ್ನು ಅಳವಡಿಸಿತು. 2016ರ ಏಪ್ರಿಲ್‌ನಲ್ಲಿ ಪೊಲಾರಿಸ್ ಸುಮಾರು 1,33,000 ಆರ್‌ಝಡ್‌ಆರ್ ವಾಹನಗಳನ್ನು ಬೆಂಕಿಯ ಅಪಾಯದ ಕಾರಣದಿಂದ ಹಿಂದಕ್ಕೆ ಕರೆಯಿತು. ಆ ವೇಳೆಗೆ 160ಕ್ಕೂ ಹೆಚ್ಚು ಬೆಂಕಿ ಪ್ರಕರಣಗಳು ವರದಿಯಾಗಿ, 15 ವರ್ಷದ ಸಹಪ್ರಯಾಣಿಕರೊಬ್ಬರು ಅಸುನೀಗಿದ್ದರು. ದೋಷಗಳನ್ನು ಸಕಾಲದಲ್ಲಿ ತಿಳಿಸಲಿಲ್ಲವೆಂಬ ಆರೋಪ ಇತ್ಯರ್ಥವಾದಾಗ, 2018ರಲ್ಲಿ ಸಂಸ್ಥೆಯು 2 ಕೋಟಿ 72 ಲಕ್ಷದ 50 ಸಾವಿರ ಡಾಲರ್ ದಂಡ ತೆರಲು ಒಪ್ಪಿತು.

ವಿಶ್ವಾಸಾರ್ಹತೆ ಎಂಬ ಪದಕ್ಕೆ ಇಲ್ಲಿ ಕೆಟ್ಟುನಿಲ್ಲದಿರುವುದು ಎಂಬುದಕ್ಕಿಂತ ದೊಡ್ಡ ಅರ್ಥವಿದೆ. ಹಿಂದಕ್ಕೆ ಕರೆದ ವಾಹನದ ದುರಸ್ತಿಗೆ ಹಣ ಕೊಡಬೇಕಿಲ್ಲ. ಅಂಗಡಿಯಲ್ಲಿ ನಿಂತಿರುವ ವಾಹನಕ್ಕೂ ಅದರ ಗುರುತಿನ ಸಂಖ್ಯೆಯಿಂದ ಪರಿಶೀಲನೆ ಮಾಡಿಸಬಹುದು. ಕಿರಿದಾದ ಅಗಲ, ಎತ್ತರದ ದೇಹ ಇವುಗಳಿಂದಾಗಿ ಈ ವಾಹನಗಳು ತಿರುವಿನಲ್ಲಿ ಮಗುಚುವ ಸ್ವಭಾವದವು. ಸೀಟು ಪಟ್ಟಿ ಕಟ್ಟದವನಿಗೆ ಉಕ್ಕಿನ ಪಂಜರ ರಕ್ಷಣೆಯಾಗದೆ ಅವನನ್ನೇ ಜಜ್ಜಬಹುದು. ಆದುದರಿಂದಲೇ ಕೆಲವು ಮಾದರಿಗಳು ಚಾಲಕ ಪಟ್ಟಿ ಕಟ್ಟುವವರೆಗೆ ವೇಗವನ್ನು ತಡೆಹಿಡಿಯುತ್ತವೆ. ಚಾಲಕನಿಗೆ 16 ವರ್ಷ ತುಂಬಿರಬೇಕು, ಜೊತೆಯವರ ಪಾದ ನೆಲಹಾಸನ್ನು ಮುಟ್ಟಬೇಕು ಎಂಬುದು ತಯಾರಕರ ಸಾಮಾನ್ಯ ಸೂಚನೆ.

ಪರ್ಯಾಯಗಳು

ಬೆಲೆ ಏರಿದಂತೆ ಅಮೆರಿಕದ ಕೆಲವು ರೈತರು ಜಪಾನಿನ 660 ಸಿ.ಸಿ.ಯ ಹಳೆಯ ಕೇ ಟ್ರಕ್ಕುಗಳತ್ತ ತಿರುಗಿದ್ದಾರೆ. 25 ವರ್ಷ ತುಂಬಿದ ವಾಹನವನ್ನು ಆಮದು ಮಾಡಿಕೊಳ್ಳಲು ಅಲ್ಲಿನ ಕಾನೂನು ಅವಕಾಶ ಕೊಡುತ್ತದೆ. ಮುಚ್ಚಿದ ಕ್ಯಾಬಿನ್, ದೊಡ್ಡ ತೊಟ್ಟಿ, ಕಡಿಮೆ ಬೆಲೆ ಇವುಗಳ ಆಕರ್ಷಣೆ; ಹಳೆಯ ಯಂತ್ರದ ಬಿಡಿಭಾಗ ಹುಡುಕುವುದು ಕಷ್ಟ.

ಭಾರತದ ನಂಟು

ಮಹೀಂದ್ರ ಸಂಸ್ಥೆಯು 2018ರಲ್ಲಿ ರಾಕ್ಸರ್ ಎಂಬ ವಾಹನವನ್ನು ಅಮೆರಿಕದಲ್ಲಿ ಸುಮಾರು 15,500 ಡಾಲರಿಗೆ ಮಾರತೊಡಗಿತು. ಭಾರತದಿಂದ ಹೋದ ಬಿಡಿಭಾಗಗಳನ್ನು ಮಿಶಿಗನ್ ರಾಜ್ಯದಲ್ಲಿ ಜೋಡಿಸಲಾಗುತ್ತಿತ್ತು. 2.5 ಲೀಟರಿನ ಡೀಸೆಲ್ ಎಂಜಿನ್, ಕೈಯಿಂದ ಹಾಕುವ ಗೇರು, ಉಕ್ಕಿನ ಚೌಕಟ್ಟು ಇದ್ದ ಇದು ಪಟ್ಟಿಯ ವಾಹನಗಳ ನಡುವೆ ಹಳೆಯ ಕಾಲದ ಗಟ್ಟಿಗನಂತೆ ಕಂಡಿತು. ಜೀಪನ್ನು ಹೋಲುತ್ತದೆಂದು ಫಿಯಟ್ ಕ್ರೈಸ್ಲರ್ ಸಂಸ್ಥೆ ತಕರಾರು ಹೂಡಿತು. 2020ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ಆ ತಕರಾರನ್ನು ಎತ್ತಿಹಿಡಿದ ಮೇಲೆ ರಾಕ್ಸರ್‌ನ ಮುಖಚಹರೆಯನ್ನು ಬದಲಿಸಬೇಕಾಯಿತು.

ಪೊಲಾರಿಸ್ ಸಂಸ್ಥೆಯು 2011ರಿಂದ ಭಾರತದಲ್ಲಿ ಮಾರಾಟ ನಡೆಸಿದೆ. ಐಷರ್ ಸಂಸ್ಥೆಯೊಡನೆ ಕೂಡಿ 2015ರಲ್ಲಿ ಜೈಪುರದಲ್ಲಿ ಅದು ತಯಾರಿಸಿದ ಮಲ್ಟಿಕ್ಸ್ ಎಂಬ ಬಹೂಪಯೋಗಿ ವಾಹನ 2018ರಲ್ಲಿ ನಿಂತುಹೋಯಿತು. ತಯಾರಿಕೆ ನಿಂತ ವಾಹನದ ಬಿಡಿಭಾಗಗಳಿಗಾಗಿ ಮಾಲೀಕ ಅಲೆಯಬೇಕಾಗುವುದರಿಂದ, ಹೊಸ ಹೆಸರಿನ ಅಗ್ಗದ ವಾಹನ ಕೊಳ್ಳುವವರು ಸಂಸ್ಥೆಯ ಆಯುಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ಈ ವಾಹನಗಳು ಮಾಡಬಹುದಾದ ಕೆಲಸವನ್ನು ಇಂದಿಗೂ ಹಳೆಯ ಜೀಪು, ಪಿಕಪ್ ಮತ್ತು ಸಣ್ಣ ಟ್ರ್ಯಾಕ್ಟರುಗಳೇ ಮಾಡುತ್ತಿವೆ. ರಸ್ತೆಯಾಚೆಯ ಬಳಕೆಗೆಂದೇ ಮಾರುವ ಸೈಡ್-ಬೈ-ಸೈಡ್‌ಗೆ ನೋಂದಣಿ ಸಿಗದ ಕಾರಣ, ತೋಟದ ಗೇಟು ದಾಟಿ ಪಕ್ಕದ ಸಂತೆಗೆ ಒಂದು ಮೂಟೆ ಕಾಫಿ ಒಯ್ಯುವುದಕ್ಕೂ ಅದನ್ನು ಬಳಸುವಂತಿಲ್ಲ.