ಪತ್ರಿಕೋದ್ಯಮ ವ್ಯಾಸಂಗ: ನಾಗಪುರದ ನಿದರ್ಶನ

ಹೊರನಾಡಿನ ಕನ್ನಡ ಮನೆಗಳಲ್ಲಿ ಮಕ್ಕಳ ಮುಂದಿನ ವ್ಯಾಸಂಗದ ಮಾತು ಬಂದಾಗ ಮೊದಲು ಕೇಳಿಬರುವುದು ಎಂಜಿನಿಯರಿಂಗ್, ವೈದ್ಯಕೀಯ, ಲೆಕ್ಕಪರಿಶೋಧನೆ ಮತ್ತು ಬ್ಯಾಂಕ್ ಪರೀಕ್ಷೆಗಳ ಹೆಸರು. ಮಗನೋ ಮಗಳೋ ಪತ್ರಿಕೋದ್ಯಮ ಓದುವೆನೆಂದರೆ ಹಿರಿಯರು ಕ್ಷಣಕಾಲ ಮೌನ ತಾಳುತ್ತಾರೆ. ಅವರ ಆಕ್ಷೇಪ ಎರಡು ಬಗೆಯದು. ಬರೆಯಬಲ್ಲವರಿಗೆ ಪದವಿ ಏತಕ್ಕೆ ಎಂಬುದು ಒಂದು. ಆ ಪದವಿಯಿಂದ ಹೊಟ್ಟೆ ತುಂಬೀತೇ ಎಂಬುದು ಮತ್ತೊಂದು. ಎರಡೂ ತಳ್ಳಿಹಾಕತಕ್ಕ ಮಾತುಗಳಲ್ಲ. ಇವುಗಳಿಗೆ ಉತ್ತರ ಅರಸುವವರಿಗೆ ನಾಗಪುರವು ಒಳ್ಳೆಯ ನಿದರ್ಶನವಾಗಿದೆ.

ಮೂರು ಭಾಷೆಗಳ ನಗರ

ನಾಗಪುರವೆಂದೊಡನೆ ಕಿತ್ತಳೆ ಹಣ್ಣಿನ ನೆನಪಾಗುವುದು ಸಹಜ. ಆದರೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಅದು ರಾಜಧಾನಿಯಾಗಿತ್ತೆಂಬುದನ್ನು ಹಲವರು ಮರೆತಿದ್ದಾರೆ. ಹಿಂದಿ ಮತ್ತು ಮರಾಠಿ ನಾಡುಗಳೆರಡೂ ಅಲ್ಲಿಂದ ಆಳಲ್ಪಡುತ್ತಿದ್ದವು. ಕಚೇರಿಯ ಭಾಷೆ ಇಂಗ್ಲಿಷ್. ಹೀಗಾಗಿ ಮೂರು ಭಾಷೆಗಳ ಪತ್ರಿಕೆಗಳೂ ಅಲ್ಲಿ ಬೇರೂರಿದವು. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಆರಂಭಿಸಿದ ಇಂಗ್ಲಿಷಿನ ‘ಹಿತವಾದ’, ಕಾದಂಬರಿಕಾರ ಮಾಡಖೋಲ್ಕರರು ಸಂಪಾದಿಸಿದ ಮರಾಠಿಯ ‘ತರುಣ ಭಾರತ’, ಹಿಂದಿಯ ‘ನವಭಾರತ’ ಇವು ಅಲ್ಲಿನ ಪ್ರಸಿದ್ಧ ಪತ್ರಿಕೆಗಳು. 1971ರಲ್ಲಿ ಮರಾಠಿಯ ‘ಲೋಕಮತ’ವೂ ನಾಗಪುರದಿಂದ ದಿನಪತ್ರಿಕೆಯಾಗಿ ಹೊರಬಂದಿತು.

ನಾಗಪುರ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1923ರ ಆಗಸ್ಟ್ 4ರಂದು. 2005ರಿಂದ ಅದಕ್ಕೆ ರಾಷ್ಟ್ರಸಂತ ತುಕಡೋಜಿ ಮಹಾರಾಜರ ಹೆಸರಿದೆ. ಈ ವಿಶ್ವವಿದ್ಯಾನಿಲಯಕ್ಕೆ ಸೇರಿದ ಹಿಸ್ಲಾಪ್ ಕಾಲೇಜು 1883ರಷ್ಟು ಹಳೆಯದು. 1952ರಲ್ಲಿ ಅಲ್ಲಿ ಪತ್ರಿಕೋದ್ಯಮ ವಿಭಾಗ ತೆರೆಯಿತು. ಪಾಠ ಹೇಳಲು ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾನಿಲಯದಿಂದ ರೋಲಂಡ್ ವೂಲ್ಸ್‌ಲಿ ಎಂಬ ಪ್ರಾಧ್ಯಾಪಕರು ಫುಲ್‌ಬ್ರೈಟ್ ಯೋಜನೆಯಡಿ ಬಂದರು. ಭಾರತದ ಪತ್ರಿಕಾರಂಗವನ್ನು ಕುರಿತು ಅವರು ಸಂಪಾದಿಸಿದ ಇಂಗ್ಲಿಷ್ ಗ್ರಂಥ 1953ರಲ್ಲಿ ಪ್ರಕಟವಾಯಿತು. ಪರದೇಶದ ಪಠ್ಯ ಈ ನೆಲಕ್ಕೆ ಸಾಲದು, ಇಲ್ಲಿನ ಅನುಭವವೇ ಪುಸ್ತಕವಾಗಬೇಕು ಎಂಬ ತಿಳಿವಳಿಕೆ ಆರಂಭದಲ್ಲಿಯೇ ಇತ್ತೆಂಬುದಕ್ಕೆ ಅದೇ ಸಾಕ್ಷಿ.

ಮೈಸೂರಿನ ಹಿರಿಮೆ

ಈ ವಿಷಯದಲ್ಲಿ ಕನ್ನಡಿಗರು ಹಿಂದುಳಿದವರಲ್ಲ. 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯ, 1947ರಲ್ಲಿ ಮದರಾಸು ವಿಶ್ವವಿದ್ಯಾನಿಲಯ ಈ ಶಿಕ್ಷಣಕ್ಕೆ ಕೈಹಾಕಿದವು. ನಾಗಪುರಕ್ಕಿಂತ ಒಂದು ವರ್ಷ ಮೊದಲೇ, 1951ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪತ್ರಿಕೋದ್ಯಮವು ಪದವಿ ತರಗತಿಯ ಪಠ್ಯವಾಯಿತು. ಅದಕ್ಕಾಗಿ ದುಡಿದವರು ನಾಡಿಗ ಕೃಷ್ಣಮೂರ್ತಿಯವರು. ಭಾರತೀಯ ಪತ್ರಿಕೋದ್ಯಮದ ಚರಿತ್ರೆಯನ್ನು ಅವರು ಬರೆದು, ಮೈಸೂರು ವಿಶ್ವವಿದ್ಯಾನಿಲಯದಿಂದ 1966ರಲ್ಲಿ ಹೊರತಂದರು. ನಾಗಪುರಕ್ಕೂ ಕರ್ನಾಟಕಕ್ಕೂ ಇನ್ನೊಂದು ನಂಟುಂಟು. ಹಿಸ್ಲಾಪ್ ಕಾಲೇಜಿನ ವಿಭಾಗವನ್ನು ನಡೆಸಿದ ಪ್ರೊಫೆಸರ್ ಕೆ. ಇ. ಈಪನ್ ಅವರೇ ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಸಂವಹನ ವಿಭಾಗದ ಮುಖ್ಯಸ್ಥರಾದರು.

ಕಲಿಸುವುದೇನು?

ಇನ್ನು ಮೊದಲನೆಯ ಆಕ್ಷೇಪದ ವಿಚಾರ. ಭಾಷೆಯ ಸೊಗಸನ್ನು ಯಾವ ವಿಶ್ವವಿದ್ಯಾನಿಲಯವೂ ಪೂರ್ತಿಯಾಗಿ ಕಲಿಸಲಾರದು. ಕಲಿಸಬಹುದಾದದ್ದು ಪರಿಶೀಲನೆಯ ಶಿಸ್ತು: ಯಾರು ಹೇಳಿದರು, ಕಣ್ಣಾರೆ ಕಂಡವರೇ, ದಾಖಲೆಯುಂಟೇ, ಎದುರು ಪಕ್ಷದವರನ್ನು ಕೇಳಿದ್ದಾಯಿತೇ ಎಂಬ ಪ್ರಶ್ನೆಗಳನ್ನು ಬಿಡದೆ ಹಾಕಿಕೊಳ್ಳುವುದು. ಬ್ಯಾಂಕಿನಲ್ಲಿ ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರು ತಾಳೆ ನೋಡದೆ ಹಣ ಕೊಡುವುದಿಲ್ಲ. ಸುದ್ದಿಮನೆಯಲ್ಲಿಯೂ ಹಾಗೆಯೇ ನಡೆಯಬೇಕು. ಕಾನೂನಿನ ಜ್ಞಾನವೂ ಬೇಕು. 1867ರ ಪತ್ರಿಕಾ ನೋಂದಣಿ ಕಾಯಿದೆಯ ಸ್ಥಾನದಲ್ಲಿ 2023ರ ಕಾಯಿದೆಯು 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಹಳೆಯ ಟಿಪ್ಪಣಿಗಳನ್ನೇ ನೆಚ್ಚಿದವರು ಇಲ್ಲಿ ಎಡವುತ್ತಾರೆ.

ಆರೋಗ್ಯದ ಸುದ್ದಿಯಲ್ಲಂತೂ ಈ ಶಿಸ್ತು ಪ್ರಾಣರಕ್ಷಕ. ಸಾವಿರ ಮಂದಿಯಲ್ಲಿ ಇಬ್ಬರಿಗೆ ಬರುತ್ತಿದ್ದ ತೊಂದರೆಯು ಒಂದು ಔಷಧಿ ಸೇವಿಸಿದವರಲ್ಲಿ ಸಾವಿರಕ್ಕೆ ಮೂವರಿಗೆ ಬಂದಿತೆನ್ನೋಣ. ‘ಅಪಾಯ ಶೇಕಡಾ 50ರಷ್ಟು ಹೆಚ್ಚಳ’ ಎಂಬ ಶೀರ್ಷಿಕೆ ಲೆಕ್ಕಕ್ಕೆ ಸರಿ. ‘ಸಾವಿರಕ್ಕೆ ಒಬ್ಬರು ಹೆಚ್ಚು’ ಎಂಬುದೂ ಅಷ್ಟೇ ಸರಿ. ಮೊದಲನೆಯದನ್ನು ಮಾತ್ರ ಓದಿದ ರೋಗಿಯು ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಿದರೆ ಹೊಣೆ ಯಾರದು? 2020ರಲ್ಲಿ ಕೊರೋನಾ ಹಬ್ಬಿದಾಗ, ಸುಳ್ಳುಸುದ್ದಿಯೂ ಸಾಂಕ್ರಾಮಿಕದಂತೆ ಹರಡುತ್ತಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತ್ತು. 2021ರ ಮಾರ್ಚ್ 15ರಿಂದ 21ರವರೆಗೆ ನಾಗಪುರ ನಗರಕ್ಕೆ ಬಾಗಿಲು ಹಾಕಿದಾಗ ನಾಗರಿಕರಿಗೆ ಬೇಕಾಗಿದ್ದುದು ಸೊಗಸಾದ ಬರಹವಲ್ಲ, ನಂಬಬಹುದಾದ ಮಾಹಿತಿ.

ಅಭ್ಯಾಸಕ್ಕೆ ನಾಗಪುರದಲ್ಲಿ ಕೊರತೆಯಿಲ್ಲ. ಮುಂಬಯಿ ಉಚ್ಚ ನ್ಯಾಯಾಲಯದ ಪೀಠ, ದೊಡ್ಡ ಸರಕಾರಿ ವೈದ್ಯಕೀಯ ಕಾಲೇಜು, ವಿಧಾನಮಂಡಲದ ಚಳಿಗಾಲದ ಅಧಿವೇಶನ, ಇವೆಲ್ಲವೂ ಒಂದೇ ಊರಿನಲ್ಲಿವೆ. ಪಾಠ ಓದಿದ ವಿದ್ಯಾರ್ಥಿಗೆ ಅದರ ಪ್ರಯೋಗಶಾಲೆ ಬೀದಿಯಾಚೆಯೇ ಸಿಕ್ಕಂತೆ.

ಹೊಟ್ಟೆಪಾಡಿನ ಲೆಕ್ಕ

ಎರಡನೆಯ ಆಕ್ಷೇಪವನ್ನು ಮುಚ್ಚಿಡದೆ ನೋಡಬೇಕು. ಈ ವೃತ್ತಿಯಲ್ಲಿ ಆರಂಭದ ಸಂಬಳ ಸಾಮಾನ್ಯವಾಗಿ ಕಡಿಮೆ. ಹಲವು ನೇಮಕಗಳು ಕರಾರಿನವು. ರಾತ್ರಿಪಾಳಿಯಿಂದ ನಿದ್ರೆ ಕೆಡುತ್ತದೆ, ಊಟ ಹೊತ್ತುಮೀರುತ್ತದೆ. ಸಾಲ ಮಾಡಿ ದುಬಾರಿ ಶುಲ್ಕ ತೆತ್ತವರಿಗೆ ಮೊದಲ ವರ್ಷಗಳ ಸಂಬಳದಲ್ಲಿ ಕಂತು ಕಟ್ಟುವುದೇ ಕಷ್ಟವಾದೀತು. ಸಾರ್ವಜನಿಕ ವಿಶ್ವವಿದ್ಯಾನಿಲಯದ ಮಹತ್ವ ಇಲ್ಲಿಯೇ ಇದೆ. ಅಲ್ಲಿನ ಶುಲ್ಕ ಖಾಸಗಿ ಸಂಸ್ಥೆಗಳಿಗಿಂತ ಸಾಮಾನ್ಯವಾಗಿ ಬಹಳ ಕಡಿಮೆ. ಸಾಲದ ಹೊರೆಯಿಲ್ಲದ ಯುವಕ ಯುವತಿಯರು ಸಣ್ಣ ಪತ್ರಿಕೆಯಲ್ಲಿ ನಾಲ್ಕು ವರ್ಷ ದುಡಿದು ಪಳಗಲು ಧೈರ್ಯ ಮಾಡಬಹುದು.

ಪ್ರವೇಶಕ್ಕೆ ಮುನ್ನ ಪೋಷಕರು ಕೆಲವು ಸಂಗತಿಗಳನ್ನು ವಿಚಾರಿಸಬೇಕು. ವಿಶ್ವವಿದ್ಯಾನಿಲಯಕ್ಕೆ ಯು.ಜಿ.ಸಿ. ಮನ್ನಣೆ ಇದೆಯೇ? ಬೋಧಕರಲ್ಲಿ ಸುದ್ದಿಮನೆಯಲ್ಲಿ ದುಡಿದವರಿದ್ದಾರೆಯೇ? ವಿದ್ಯಾರ್ಥಿಗಳೇ ಹೊರತರುವ ಪತ್ರಿಕೆ ಉಂಟೇ? ಪಾಠ ಯಾವ ಭಾಷೆಯಲ್ಲಿ? ವಾಣಿಜ್ಯ, ವಿಜ್ಞಾನ ಅಥವಾ ಅರ್ಥಶಾಸ್ತ್ರದ ಪದವಿ ಪಡೆದು ಅನಂತರ ಪತ್ರಿಕೋದ್ಯಮಕ್ಕೆ ಬರುವುದು ಇನ್ನೂ ಕ್ಷೇಮ. ಆಯವ್ಯಯ ಪತ್ರ ಓದಬಲ್ಲ ವರದಿಗಾರನಿಗೆ ಬೇಡಿಕೆ ತಪ್ಪದು.

ಕಳೆದುಹೋಗುತ್ತಿರುವ ಬಂಡವಾಳ

ಹೊರನಾಡಿನ ಕನ್ನಡ ಮಕ್ಕಳ ಬಳಿ ಇತರರಿಗಿಲ್ಲದ ಒಂದು ಬಂಡವಾಳವಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಅಥವಾ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮೂರು ಭಾಷೆಗಳಲ್ಲಿ ಜನರನ್ನು ಮಾತನಾಡಿಸಬಲ್ಲ ವರದಿಗಾರನನ್ನು ಯಾವ ಪತ್ರಿಕೆಯೂ ಕಡೆಗಣಿಸದು. ಆದರೆ ಮನೆಯ ಭಾಷೆ ಬಹುಪಾಲು ಮಕ್ಕಳಲ್ಲಿ ನಾಲಿಗೆಯ ಮೇಲಷ್ಟೇ ಉಳಿದಿದೆ, ಅಕ್ಷರಕ್ಕೆ ಇಳಿದಿಲ್ಲ. ಕನ್ನಡ ಮಾತನಾಡುವ ಮಗು ಕನ್ನಡ ಪತ್ರಿಕೆಯ ಮುಂದೆ ಅನಕ್ಷರಸ್ಥನಾಗುತ್ತದೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ಕನ್ನಡ ಕಲಿತು ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಪರಕೀಯರು ಸಾಧಿಸಿದ್ದನ್ನು ಮನೆಯ ಮಕ್ಕಳು ಸಾಧಿಸಲಾರರೇ?

ವಾರಕ್ಕೆ ಎರಡು ಗಂಟೆ ಅಕ್ಷರಾಭ್ಯಾಸ, ದಿನಕ್ಕೆ ಒಂದು ಪುಟ ಓದು: ಇಷ್ಟನ್ನು ಯಾವ ಮನೆಯೂ, ಯಾವ ಕನ್ನಡ ಸಂಘವೂ ಮಾಡಬಹುದು. ಆ ಮಕ್ಕಳಲ್ಲಿ ಒಬ್ಬರಿಬ್ಬರು ಮುಂದೆ ವಿಶ್ವವಿದ್ಯಾನಿಲಯದ ಪತ್ರಿಕೋದ್ಯಮ ತರಗತಿ ಸೇರಿದರೆ, ಹೊರನಾಡಿನ ಕನ್ನಡಿಗರ ಕಷ್ಟಸುಖಗಳನ್ನು ತಾಳೆನೋಡಿ, ತಪ್ಪಿಲ್ಲದೆ, ಕನ್ನಡದಲ್ಲಿಯೇ ಬರೆಯುವವರು ದೊರೆತಂತಾಗುವುದು. ಈ ಮಾರ್ಗ ಆರಿಸಿದ ಮಕ್ಕಳನ್ನು ಹಿರಿಯರು ತಡೆಯುವ ಮೊದಲು ಲಾಭನಷ್ಟಗಳೆರಡನ್ನೂ ಕೂಡಿ ನೋಡುವುದು ಉಚಿತ.